ಇಪ್ಪತ್ತೊಂಬತ್ತು ಗೋಲು, ಕಲಿತದ್ದು ಸೊನ್ನೆ

ಚಿಲಿ ವಿರುದ್ಧ ಏಳು, ಒಮಾನ್ ವಿರುದ್ಧ ಹದಿನೇಳು, ಸ್ವಿಟ್ಜರ್ಲೆಂಡ್ ವಿರುದ್ಧ ಐದು. 2025ರ ಜೂನಿಯರ್ ಹಾಕಿ ವಿಶ್ವಕಪ್‌ನ ಗುಂಪು ಹಂತದಲ್ಲಿ ಭಾರತದ ಹುಡುಗರು ಮೂರೇ ಪಂದ್ಯಗಳಲ್ಲಿ 29 ಗೋಲು ಹೊಡೆದರು. ಬಿಟ್ಟುಕೊಟ್ಟದ್ದು ಒಂದೂ ಇಲ್ಲ. ಪಾಕಿಸ್ತಾನ ಹಿಂದೆ ಸರಿದದ್ದರಿಂದ ಒಮಾನ್ ಆ ಜಾಗಕ್ಕೆ ಬಂದಿತ್ತು ಅನ್ನುವುದನ್ನು ಮರೆತು, ಕಪ್ ಮನೆಗೇ ಬಂತು ಎಂದು ಸಂಭ್ರಮಿಸಿದವರು ಬಹಳ ಮಂದಿ. ಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂ 2-2ಕ್ಕೆ ತಡೆದು ನಿಲ್ಲಿಸಿದಾಗ ಶೂಟೌಟ್‌ನಲ್ಲಿ ಗೋಲ್‌ಕೀಪರ್ ಪ್ರಿನ್ಸ್‌ದೀಪ್ ಸಿಂಗ್ ಕಾಪಾಡಿದ. ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು ಬಂತು. 5-1ರ ಸೋಲು.

ಹೊಸ ಋತುವಿಗೆ ಮುನ್ನ ಜೂನಿಯರ್ ಆಟಗಾರರ ಬಗ್ಗೆ ಮಾತಾಡುವವರು ಈ ಎರಡು ಲೆಕ್ಕಗಳನ್ನು ಒಟ್ಟಿಗೆ ಇಟ್ಟುಕೊಳ್ಳಬೇಕು. ದುರ್ಬಲ ತಂಡದ ಎದುರು ಹೊಡೆದ ಗೋಲು ಆಟಗಾರನ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದರೂ ಪ್ರತಿ ಸಲ ಟ್ರಯಲ್ಸ್ ಹೊತ್ತಿಗೆ ಪತ್ರಿಕೆಗಳಲ್ಲಿ ಬರುವುದು ಗೋಲು ಹೊಡೆದವರ ಪಟ್ಟಿಯೇ. ಎದುರಾಳಿ ಮೈಮೇಲೆ ಬರುವಾಗ ಚೆಂಡನ್ನು ಸ್ಟಿಕ್‌ಗೆ ಅಂಟಿಸಿದಂತೆ ಟ್ರ್ಯಾಪ್ ಮಾಡಿ, ತಲೆ ಎತ್ತಿ, ಬಲಕ್ಕೊಂದು ಪಾಸ್ ಕೊಟ್ಟ ಸೆಂಟರ್ ಹಾಫ್‌ನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಜೂನಿಯರ್ ಮಟ್ಟದ ಹೆಸರು ನೋಡಿ ಮುಂದಿನದನ್ನು ಊಹಿಸಲಾಗದು ಎಂಬುದಕ್ಕೆ ಪುರಾವೆ ಬೇಕಾದರೆ 2016ಕ್ಕೆ ಹೋಗಬೇಕು. ಲಖನೌನಲ್ಲಿ ಬೆಲ್ಜಿಯಂ ಅನ್ನು 2-1ರಿಂದ ಸೋಲಿಸಿ ಭಾರತ ಜೂನಿಯರ್ ವಿಶ್ವಕಪ್ ಗೆದ್ದಿತು. 2001ರಲ್ಲಿ ಹೋಬಾರ್ಟ್‌ನಲ್ಲಿ ಅರ್ಜೆಂಟೀನಾ ಎದುರು 6-1ರಿಂದ ಗೆದ್ದ ಮೇಲೆ ಅದೇ ಎರಡನೆಯದು. ತರಬೇತುದಾರ ಹರೇಂದ್ರ ಸಿಂಗ್, ನಾಯಕ ಹರ್ಜೀತ್ ಸಿಂಗ್. ಹರ್ಜೀತ್ ಮೇಲೆ ಎರಡೇ ವರ್ಷದಲ್ಲಿ ಪಂಜಾಬಿ ಸಿನಿಮಾವೇ ಬಂತು. ಒಲಿಂಪಿಕ್ಸ್ ಮಾತ್ರ ಅವನ ಪಾಲಿಗೆ ಬರಲಿಲ್ಲ. ಅದೇ ತಂಡದ ಏಳು ಮಂದಿ, ಅಂದರೆ ಹರ್ಮನ್‌ಪ್ರೀತ್, ವರುಣ್, ಸುಮಿತ್, ನೀಲಕಂಠ ಶರ್ಮಾ, ಮನ್‌ದೀಪ್, ಗುರ್ಜಂತ್, ಸಿಮ್ರನ್‌ಜೀತ್, ಟೋಕಿಯೊದಲ್ಲಿ ಕಂಚು ಗೆದ್ದರು. ಅವರಲ್ಲೂ ಸಿಮ್ರನ್‌ಜೀತ್ ಮೊದಲಿಗೆ ಹದಿನಾರರ ಪಟ್ಟಿಯಲ್ಲೇ ಇರಲಿಲ್ಲ, ಮೀಸಲು ಆಟಗಾರನಾಗಿದ್ದ. ಜರ್ಮನಿಯನ್ನು 5-4ರಿಂದ ಮಣಿಸಿದ ಕಂಚಿನ ಪಂದ್ಯದಲ್ಲಿ ಎರಡು ಗೋಲು ಅವನದೇ. ಲಖನೌನಲ್ಲಿ ಕೂತು ಇದನ್ನು ಮೊದಲೇ ಊಹಿಸಿದ್ದೆ ಎನ್ನುವವರ ಮಾತನ್ನು ಈ ಅಂಕಣಕಾರ ನಂಬುವುದಿಲ್ಲ.

ಸೆಮಿಫೈನಲ್‌ನಲ್ಲಿ ನಮ್ಮನ್ನು ಸೋಲಿಸಿದ ಜರ್ಮನಿ ಎಂಟು ಬಾರಿ ಜೂನಿಯರ್ ವಿಶ್ವಕಪ್ ಗೆದ್ದಿದೆ, ಹಳೆಯ ಪಶ್ಚಿಮ ಜರ್ಮನಿಯ ಮೂರನ್ನೂ ಸೇರಿಸಿ. ಅಲ್ಲಿನ ಹುಡುಗ ಹದಿನೆಂಟು ತುಂಬುವ ಹೊತ್ತಿಗೆ ಕ್ಲಬ್ಬಿನ ಹಿರಿಯರ ತಂಡದಲ್ಲಿ, ಬುಂಡೆಸ್‌ಲೀಗಾದಲ್ಲಿ, ಒಲಿಂಪಿಯನ್ನರ ಮಗ್ಗುಲಲ್ಲಿ ಆಡಿ ಬೈಸಿಕೊಂಡಿರುತ್ತಾನೆ. ಚಳಿಗಾಲದಲ್ಲಿ ಒಳಾಂಗಣ ಹಾಕಿ. ಅಂಗಣ ಚಿಕ್ಕದು, ಗೋಲಿಗೆ ಹೊಡೆಯುವಾಗ ಬಿಟ್ಟರೆ ಚೆಂಡು ಗಾಳಿಗೆ ಏರುವಂತಿಲ್ಲ, ಯೋಚಿಸಲು ಅರೆಕ್ಷಣವೂ ಇಲ್ಲ. ಮೊದಲ ಸ್ಪರ್ಶ ಕೆಟ್ಟರೆ ಚೆಂಡು ಹೋಯಿತು. ನಮ್ಮ ಹುಡುಗರು ಶಿಬಿರದಿಂದ ಶಿಬಿರಕ್ಕೆ ಹೋಗುತ್ತಾರೆ, ತಮ್ಮದೇ ವಯಸ್ಸಿನವರೊಂದಿಗೆ ಆಡುತ್ತಾರೆ. ಮತ್ತೆ ಶುರುವಾದ ಹಾಕಿ ಇಂಡಿಯಾ ಲೀಗ್‌ನಲ್ಲಿ ಪ್ರತಿ ತಂಡದಲ್ಲೂ ನಾಲ್ವರು ಜೂನಿಯರ್‌ಗಳು ಇರಲೇಬೇಕೆಂಬ ನಿಯಮ ತಂದದ್ದು ಒಳ್ಳೆಯದೇ ಆಯಿತು. ಆದರೆ ಬೆಂಚಿನ ಮೇಲೆ ಕೂರಿಸಿದರೆ ನಿಯಮ ಪಾಲನೆಯಾಗುತ್ತದೆ, ಹುಡುಗ ಬೆಳೆಯುವುದಿಲ್ಲ. ನಿಮಿಷಗಳನ್ನು ಎಣಿಸಬೇಕು.

ಅಂದ ಮಾತ್ರಕ್ಕೆ 2025ರ ವಿಶ್ವಕಪ್‌ಗೆ ಚೆನ್ನೈನಲ್ಲಿ ಆಡಿದ ನಮ್ಮ ತಂಡವನ್ನು ಹಗುರವಾಗಿ ಕಾಣುವಂತಿಲ್ಲ. 2021ರಲ್ಲೂ 2023ರಲ್ಲೂ ಸೆಮಿಫೈನಲ್ ಸೋತ ಭಾರತ ಕಂಚಿನ ಪಂದ್ಯದಲ್ಲಿ ಮಂಕಾಗಿ ಆಡಿ ನಾಲ್ಕನೆಯ ಸ್ಥಾನಕ್ಕೆ ಕುಸಿದಿತ್ತು. ಈ ಬಾರಿ ಅರ್ಜೆಂಟೀನಾ 2-0ಯಿಂದ ಮುಂದಿತ್ತು, ಮೂರು ಕ್ವಾರ್ಟರ್ ಮುಗಿದಿತ್ತು. ಗ್ಯಾಲರಿಯಿಂದ ಜನ ಏಳುವ ಹೊತ್ತು. ಆಗ ಅಂಕಿತ್ ಪಾಲ್, ಮನ್‌ಮೀತ್ ಸಿಂಗ್, ಶಾರದಾನಂದ ತಿವಾರಿ, ಅನ್ಮೋಲ್ ಎಕ್ಕಾ ಒಬ್ಬರ ಹಿಂದೊಬ್ಬರು ಹೊಡೆದರು. 4-2. ಕೋಚ್ ಪಿ.ಆರ್. ಶ್ರೀಜೇಶ್ ಅವರ ಹುಡುಗರ ನಿಜವಾದ ಬೆಲೆ ಗೊತ್ತಾದದ್ದು ಆ ಕಾಲು ಗಂಟೆಯಲ್ಲಿ, 29 ಗೋಲುಗಳಲ್ಲಲ್ಲ.

ಈಗ ತೊಡಕು ಇರುವುದು ವಯಸ್ಸಿನಲ್ಲಿ. ಚೆನ್ನೈನಲ್ಲಿ ಆಡಲು 2004ರ ಜನವರಿ 1 ಅಥವಾ ಆಮೇಲೆ ಹುಟ್ಟಿರಬೇಕಿತ್ತು. ಎರಡು ವರ್ಷಕ್ಕೊಮ್ಮೆ ನಡೆಯುವ ಈ ಟೂರ್ನಿಯ ಮುಂದಿನ ಸುತ್ತಿಗೆ ಅದೇ ಲೆಕ್ಕ 2006ಕ್ಕೆ ಸರಿಯುತ್ತದೆ. ಹಾಗಾಗಿ ತಿವಾರಿ ಇಲ್ಲ, ಅರೈಜೀತ್ ಸಿಂಗ್ ಹುಂಡಲ್ ಇಲ್ಲ. ಇಬ್ಬರೂ ಸತತ ಮೂರು ಜೂನಿಯರ್ ವಿಶ್ವಕಪ್ ಆಡಿದವರು. ತಿವಾರಿ ಹಿಂಬದಿಯ ಗೋಡೆಯೂ ಹೌದು, ಪೆನಾಲ್ಟಿ ಕಾರ್ನರ್‌ನ ಕೈಯೂ ಹೌದು. 2024ರ ಜೂನಿಯರ್ ಏಷ್ಯಾ ಕಪ್ ಫೈನಲ್‌ನಲ್ಲಿ ಭಾರತ ಪಾಕಿಸ್ತಾನವನ್ನು 5-3ರಿಂದ ಸೋಲಿಸಿದಾಗ ನಾಲ್ಕು ಗೋಲು ಹುಂಡಲ್‌ದೇ. ಇಂಥ ಇಬ್ಬರು ಒಮ್ಮೆಗೇ ಹೋದಾಗ ಆಯ್ಕೆದಾರರು ಮೊದಲು ಹುಡುಕುವುದು ಇನ್ನೊಬ್ಬ ಡ್ರ್ಯಾಗ್ ಫ್ಲಿಕರ್‌ನನ್ನು. ಅದು ತಪ್ಪು ಹುಡುಕಾಟ. ಫ್ಲಿಕ್ ಅನ್ನು ಅಭ್ಯಾಸದಿಂದ ಕಲಿಸಬಹುದು. ಎರಡು ಗೋಲು ಹಿಂದಿದ್ದಾಗಲೂ ಚೆಂಡನ್ನು ಸುಮ್ಮನೆ ಮುಂದಕ್ಕೆ ಬೀಸಿ ಹೊಡೆಯದ ತಾಳ್ಮೆಯನ್ನು ಕಲಿಸುವುದು ಅದಕ್ಕಿಂತ ಕಷ್ಟ.

ಇನ್ನು ನಮ್ಮ ರಾಜ್ಯ. 2016ರ ರಿಯೊ ಒಲಿಂಪಿಕ್ಸ್ ತಂಡದಲ್ಲಿ ರಘುನಾಥ್, ಉತ್ತಪ್ಪ, ಎಸ್.ವಿ. ಸುನಿಲ್, ನಿಕ್ಕಿನ್ ತಿಮ್ಮಯ್ಯ ಎಂದು ನಾಲ್ವರಿದ್ದರು, ನಾಲ್ವರೂ ಕೊಡಗಿನವರು. ಟೋಕಿಯೊದಲ್ಲಿ ಸೊನ್ನೆ, ಪ್ಯಾರಿಸ್‌ನಲ್ಲಿ ಸೊನ್ನೆ. ಈ ಬರಗಾಲದ ಸುಳಿವು ಮೊದಲೇ ಸಿಕ್ಕಿತ್ತು: ರಿಯೊ ನಡೆದ ಅದೇ ವರ್ಷ ಲಖನೌನಲ್ಲಿ ಗೆದ್ದ ಜೂನಿಯರ್ ತಂಡದಲ್ಲಿ ಕರ್ನಾಟಕದ ಒಬ್ಬನೂ ಇರಲಿಲ್ಲ. 2001ರ ತಂಡದಲ್ಲಾದರೂ ಅರ್ಜುನ್ ಹಾಲಪ್ಪ ಇದ್ದರು. 2023ರಲ್ಲಿ ಸಿ.ಬಿ. ಪೂವಣ್ಣ, 2025ರಲ್ಲಿ ಡಿಫೆಂಡರ್ ಸುನಿಲ್ ಪಾಲಾಕ್ಷಪ್ಪ ಬೆನ್ನೂರ. ಒಬ್ಬೊಬ್ಬರೇ. 2011ರ ಜನಗಣತಿಯಲ್ಲಿ ಮೂವತ್ತು ಲಕ್ಷವನ್ನೂ ಮುಟ್ಟದ ಮಣಿಪುರದಿಂದ ಚೆನ್ನೈಗೆ ಇಬ್ಬರು ಹೋಗಿದ್ದರು.

ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರಿಂದ ಕರಡದಲ್ಲಿ ಶುರುವಾದದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಬೆಳೆದು ಗಿನ್ನೆಸ್ ಪುಸ್ತಕ ಸೇರಿತು. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವ ಇಂಥ ಹಬ್ಬ ಬೇರೆಲ್ಲೂ ಇಲ್ಲ. ಆದರೆ ಅದು ಹಬ್ಬ, ಆಯ್ಕೆ ಶಿಬಿರವಲ್ಲ. ಮಣ್ಣಿನ ಮೈದಾನದಲ್ಲಿ ಪುಟಿಯುವ ಚೆಂಡಿಗೆ ಹೊಂದಿಕೊಂಡ ಕೈ, ನೀರು ಹಾಯಿಸಿದ ಟರ್ಫ್ ಮೇಲೆ ಜಾರುತ್ತ ಬರುವ ಚೆಂಡಿಗೆ ತಡವರಿಸುತ್ತದೆ. ಟರ್ಫ್ ಇಲ್ಲ ಎಂಬ ನೆಪವೂ ಈಗ ನಡೆಯದು, ಪೊನ್ನಂಪೇಟೆಯಲ್ಲಿದೆ, ಕೂಡಿಗೆಯಲ್ಲಿದೆ. ಬೇಕಿರುವುದು ವರ್ಷವಿಡೀ ಪಂದ್ಯ, ಅದೂ ತಮಗಿಂತ ದೊಡ್ಡವರ ಎದುರು. ಬೆಂಗಳೂರಿನ ಲೀಗ್‌ನಲ್ಲಿ ಹಿರಿಯರ ತಂಡವೊಂದು ಹದಿನೇಳರ ಹುಡುಗನನ್ನು ನಾಲ್ಕೂ ಕ್ವಾರ್ಟರ್ ಆಡಿಸಿದರೆ, ಅದು ಹತ್ತು ಶಿಬಿರಗಳಿಗೆ ಸಮ.

ಶಾಂತಿನಗರದ ಹಾಕಿ ಮೈದಾನಕ್ಕೆ ಈ ಋತುವಿನಲ್ಲಿ ಹೋಗುವ ಓದುಗರಲ್ಲಿ ಒಂದು ಕೋರಿಕೆ. ಸ್ಕೋರ್‌ಬೋರ್ಡ್ ಬಿಟ್ಟು ಒಬ್ಬ ಮಿಡ್‌ಫೀಲ್ಡರ್‌ನನ್ನು ಆರಿಸಿಕೊಂಡು ಪಂದ್ಯ ಪೂರ್ತಿ ಅವನನ್ನೇ ನೋಡಿ. ತಂಡ ಹಿಂದೆ ಬಿದ್ದಿದ್ದರೆ, ದಯವಿಟ್ಟು ಮೂರನೆಯ ಕ್ವಾರ್ಟರ್‌ಗೇ ಪಾರ್ಕಿಂಗ್ ಕಡೆ ಹೊರಡಬೇಡಿ.