ಸಿಟ್ಟಿಗೆ ವಯಸ್ಸಾದ ಮೇಲೆ

ಪಂಕ್ ಗುಂಪೊಂದು ವರ್ಷಗಟ್ಟಲೆ ಸುಮ್ಮನಿದ್ದು ಮತ್ತೆ ಆಲ್ಬಂ ತಂದರೆ, ಹಳೆಯ ಕಸುವು ಉಳಿದಿದೆಯೇ ಎಂದು ನೋಡುವುದು ಕೇಳುಗರ ರೂಢಿ. ದಾರಿ ತಪ್ಪುವುದು ಇಲ್ಲಿಯೇ. 1973ರ ‘ರಾ ಪವರ್’ ನಂತರ ದಿ ಸ್ಟೂಜಸ್ 2007ರಲ್ಲಿ ‘ದಿ ವಿಯರ್ಡ್‌ನೆಸ್’ ತಂದಾಗ ಧ್ವನಿಮುದ್ರಣ ಮಾಡಿದವರು ಸ್ಟೀವ್ ಆಲ್ಬಿನಿ. ಗಿಟಾರಿನಲ್ಲಿ ಕಸುವಿಗೇನೂ ಬರವಿರಲಿಲ್ಲ. ಸೋತದ್ದು ಮಾತು. ಅರವತ್ತರ ಹೊಸ್ತಿಲಲ್ಲಿದ್ದ ಗಾಯಕ ಇಗ್ಗಿ ಪಾಪ್ ಇಪ್ಪತ್ತರ ಪೋಕರಿತನವನ್ನು ನಟಿಸಹೊರಟಿದ್ದರು. ಸ್ಲೇಟರ್-ಕಿನ್ನಿ 2015ರ ಜನವರಿಯಲ್ಲಿ ಹೊರತಂದ ‘ನೋ ಸಿಟೀಸ್ ಟು ಲವ್’ ಗೆದ್ದಿರುವುದು ಆ ನಟನೆಯ ಗೋಜಿಗೆ ಹೋಗದೆ ನಡುವಯಸ್ಸಿನ ಸಿಟ್ಟನ್ನೇ ಹಾಡಿಗೆ ತಂದದ್ದರಿಂದ.

1994ರಲ್ಲಿ ಅಮೆರಿಕದ ಒಲಿಂಪಿಯಾದಲ್ಲಿ, ರಯಟ್ ಗರ್ಲ್ ಎಂಬ ಸ್ತ್ರೀವಾದಿ ಪಂಕ್ ಚಳವಳಿಯ ಮಗ್ಗುಲಲ್ಲೇ ಹುಟ್ಟಿದ ಈ ಗುಂಪು 2006ರಲ್ಲಿ ವಿರಾಮ ಘೋಷಿಸಿತ್ತು. ಮರಳಿ ತಂದ ಈ ಆಲ್ಬಂನ ಮೊದಲ ಹಾಡು ‘ಪ್ರೈಸ್ ಟ್ಯಾಗ್’ನಲ್ಲಿ ಕ್ರಾಂತಿಯ ಕೂಗಿಲ್ಲ, ಬೆಳಗಾದರೆ ದುಡಿಮೆಗೆ ಓಡಬೇಕಾದ, ಅಗ್ಗದ ಸರಕಿನ ಬೆಲೆಯನ್ನು ತನ್ನ ಬದುಕಿನಿಂದಲೇ ತೆರಬೇಕಾದ ಹೆಂಗಸಿನ ಲೆಕ್ಕಾಚಾರವಿದೆ. ಕೋರಿನ್ ಟಕರ್ ಅವರ ಕಂಪಿಸುವ ಕೊರಳು ಹಿಂದೆ ಕರೆಗಂಟೆಯಂತಿತ್ತು, ಇಲ್ಲಿ ಅದೇ ಕಂಪನದಲ್ಲಿ ದಣಿವೂ ಕೇಳಿಸುತ್ತದೆ. ವಾದ್ಯಗಳ ಕಟ್ಟೋಣವೂ ಇದಕ್ಕೆ ಒದಗಿಬಂದಿದೆ. ಈ ಗುಂಪಿನಲ್ಲಿ ಬೇಸ್ ಗಿಟಾರ್ ಇಲ್ಲ. ಟಕರ್ ಮತ್ತು ಕ್ಯಾರಿ ಬ್ರೌನ್‌ಸ್ಟೀನ್ ತಮ್ಮ ಗಿಟಾರುಗಳನ್ನು ವಾಡಿಕೆಗಿಂತ ಒಂದೂವರೆ ಸ್ವರ ತಗ್ಗಿಸಿ, ಆ ಜಾಗವನ್ನು ಇಬ್ಬರೂ ಕಿತ್ತಾಡಿ ತುಂಬುತ್ತಾರೆ. ಆಗ ಡ್ರಮ್ಸ್‌ನಲ್ಲಿದ್ದ ಜಾನೆಟ್ ವೈಸ್ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಮೂವರೂ ಒಬ್ಬರಿಗೊಬ್ಬರು ಬಿಟ್ಟುಕೊಡದ ಈ ಹಟವೇ ಹಾಡುಗಳನ್ನು ಬಿಗಿಯಾಗಿ ಹಿಡಿದಿದೆ. ಹತ್ತು ಹಾಡುಗಳು, ಅರ್ಧ ಗಂಟೆಗಿಂತ ತುಸು ಹೆಚ್ಚು. ಮರಳಿ ಬಂದ ಸಂಭ್ರಮಕ್ಕೆಂದು ಒಂದು ನಿಮಿಷವೂ ವ್ಯರ್ಥವಾಗಿಲ್ಲ.

ಇದು ತೀರಾ ಅಚ್ಚುಕಟ್ಟು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2005ರ ‘ದಿ ವುಡ್ಸ್’ನಲ್ಲಿ ಸದ್ದು ಬೇಕೆಂದೇ ಒಡೆದುಹೋಗಿತ್ತು, ಒಂದು ಹಾಡಂತೂ ಹನ್ನೊಂದು ನಿಮಿಷ ಹರಿದಿತ್ತು. ಅಂಥ ಅಪಾಯ ಇಲ್ಲಿಲ್ಲ. ‘ಹೇ ಡಾರ್ಲಿಂಗ್’ ನನ್ನ ಕಿವಿಗೆ ಸಲೀಸಾಗಿ ಜಾರಿಹೋಗುವ ಹಾಡು. ಆದರೆ ಹನ್ನೊಂದು ನಿಮಿಷದ ಅಬ್ಬರವನ್ನು ಮತ್ತೆ ಮಾಡಿದ್ದರೆ ಅದು ಸ್ಟೂಜಸ್ ಮಾಡಿದ ತಪ್ಪಿನ ನಕಲಾಗುತ್ತಿತ್ತು. ಇನ್ನೊಂದು ಆಕ್ಷೇಪ ವ್ಯಾಪಾರದ್ದು. 2014ರ ಅಕ್ಟೋಬರಿನಲ್ಲಿ ಹಳೆಯ ಏಳು ಆಲ್ಬಂಗಳ ಪೆಟ್ಟಿಗೆಯೊಳಗೆ ‘ಬರಿ ಅವರ್ ಫ್ರೆಂಡ್ಸ್’ ಎಂಬ ಹೊಸ ಹಾಡಿನ ತಟ್ಟೆಯನ್ನು ಅಡಗಿಸಿಟ್ಟದ್ದು ಹಳೆಯ ನೆನಪನ್ನು ಮಾರುವ ಜಾಣತನವಲ್ಲವೇ? ಹೌದು, ಜಾಣತನವೇ. ಪೆಟ್ಟಿಗೆಯನ್ನು ಮಾರಿದ್ದು ನೆನಪು, ಒಪ್ಪೋಣ. ಹೊಸ ಹಾಡುಗಳಲ್ಲಿ ಮಾತ್ರ ಅದರ ಬಂಡವಾಳ ಬಳಕೆಯಾಗಿಲ್ಲ. ಕೊನೆಯ ‘ಫೇಡ್’ ವೇದಿಕೆಯ ಬೆಳಕು ಆರಿಹೋಗುವುದನ್ನೇ ವಸ್ತುವಾಗಿಸಿಕೊಂಡಿದೆ. ಸಾಹಸದಲ್ಲಿ ‘ದಿ ವುಡ್ಸ್’ಗಿಂತ ಒಂದು ಮೆಟ್ಟಿಲು ಕೆಳಗೆ, ಮಾತಿನ ಪ್ರಾಮಾಣಿಕತೆಯಲ್ಲಿ ಅದಕ್ಕೆ ಸರಿಸಮ: ಈ ಆಲ್ಬಂ ನಿಲ್ಲುವುದು ಅಲ್ಲಿ.