ಒಂದೇ ಮರದ ನೆಲ, ಎರಡು ಮಾರ್ಚ್

ಅಮೆರಿಕದ ಇಂಡಿಯಾನಾ ರಾಜ್ಯದ ರಾಜಧಾನಿ ಇಂಡಿಯಾನಾಪೊಲಿಸ್‌ನಲ್ಲಿ ಬಟ್ಲರ್ ಎಂಬ ಖಾಸಗಿ ವಿಶ್ವವಿದ್ಯಾಲಯವಿದೆ. ದೊಡ್ಡದೇನಲ್ಲ. ಆದರೆ 1928ರ ಮಾರ್ಚ್ 7ರಂದು ಅದು ಬಾಗಿಲು ತೆರೆದ ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣದಲ್ಲಿ 15,000 ಜನ ಕೂರಬಹುದಿತ್ತು. ಇಡೀ ಅಮೆರಿಕದಲ್ಲಿ ಈ ಆಟಕ್ಕೆ ಅಷ್ಟು ದೊಡ್ಡ ಒಳಾಂಗಣ ಇನ್ನೊಂದಿರಲಿಲ್ಲ. 1950ರವರೆಗೂ ಆ ಹಿರಿಮೆ ಅದರದ್ದೇ ಆಗಿತ್ತು. ತನ್ನ ವಿದ್ಯಾರ್ಥಿಗಳೆಲ್ಲ ಬಂದು ಕೂತರೂ ತುಂಬದ ಇಂಥ ಕಟ್ಟಡವನ್ನು ಸಣ್ಣ ವಿಶ್ವವಿದ್ಯಾಲಯವೊಂದು ಕಟ್ಟಿಸಿದ್ದೇಕೆ?

ಉತ್ತರ ಇರುವುದು ಹೈಸ್ಕೂಲು ಹುಡುಗರ ಆಟದಲ್ಲಿ. ನಮ್ಮಲ್ಲಿ ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ರಾಜ್ಯ ಮಟ್ಟ ಎಂದು ಶಾಲಾ ಕ್ರೀಡಾಕೂಟಗಳು ನಡೆಯುವಂತೆಯೇ ಇಂಡಿಯಾನಾದಲ್ಲೂ ಹಂತ ಹಂತವಾಗಿ ಗೆದ್ದು ಬರುವ ಬ್ಯಾಸ್ಕೆಟ್‌ಬಾಲ್ ಟೂರ್ನಿಯಿತ್ತು. ಆದರೆ ಅಲ್ಲಿ ಅದು ಶಾಲೆಯ ಕಾರ್ಯಕ್ರಮವಾಗಿ ಉಳಿಯದೆ ಊರಿನ ಮಾನದ ಪ್ರಶ್ನೆಯಾಗಿಬಿಟ್ಟಿತ್ತು. 1891ರಲ್ಲಿ ಈ ಆಟವನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ ಅವರೇ 1925ರಲ್ಲಿ ಇಂಡಿಯಾನಾಪೊಲಿಸ್‌ಗೆ ಬಂದು ಆ ಟೂರ್ನಿಯ ಫೈನಲ್ ನೋಡಿದ್ದರು. ರಾಜ್ಯದ ಹೈಸ್ಕೂಲು ಕ್ರೀಡಾ ಸಂಘ ತನ್ನ ಫೈನಲ್ ಪಂದ್ಯಗಳನ್ನು ಇಲ್ಲೇ ನಡೆಸುವುದಾಗಿ ಬಟ್ಲರ್ ಜೊತೆ ಕರಾರು ಮಾಡಿಕೊಂಡಿತು. ಆ ಕರಾರಿನ ಬಲದ ಮೇಲೆ ನಗರದ ವ್ಯಾಪಾರಸ್ಥರು ಹಣ ಹೂಡಿದರು, ಕಟ್ಟಡ ಎದ್ದಿತು. ಜಾಗ ವಿಶ್ವವಿದ್ಯಾಲಯದ್ದಾದರೂ ಅದರ ಅಸ್ತಿವಾರದಲ್ಲಿರುವುದು ಹದಿನಾರು ಹದಿನೇಳರ ಹುಡುಗರ ಆಟ. ಈ ಕ್ರೀಡಾಂಗಣವನ್ನು ಅರ್ಥ ಮಾಡಿಕೊಳ್ಳಲು ಇಲ್ಲಿಂದಲೇ ಶುರು ಮಾಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹೊರಗಿನಿಂದ ನೋಡಿದರೆ ಇಟ್ಟಿಗೆಯ ದೊಡ್ಡದೊಂದು ಗೋದಾಮು ಎನ್ನಬಹುದು. ಒಳಗೆ ಬಂದರೆ ಬೇರೆಯೇ ಲೋಕ. ಬಾಗಿದ ಉಕ್ಕಿನ ಕಮಾನುಗಳು ಇಡೀ ಮಾಡನ್ನು ಹೊತ್ತಿವೆ. ಹಾಗಾಗಿ ಆಟದ ಅಂಕಣಕ್ಕೂ ನೋಡುವವರ ಕಣ್ಣಿಗೂ ನಡುವೆ ಒಂದು ಕಂಬವೂ ಅಡ್ಡ ಬರುವುದಿಲ್ಲ. ಗೋಡೆಯ ಮೇಲ್ಭಾಗದಲ್ಲಿ ಸಾಲು ಸಾಲು ದೊಡ್ಡ ಕಿಟಕಿಗಳು. ಚಳಿಗಾಲದ ಮಧ್ಯಾಹ್ನದ ಪಂದ್ಯದಲ್ಲಿ ಸೂರ್ಯನ ಬೆಳಕು ಅಲ್ಲಿಂದ ಓರೆಯಾಗಿ ಇಳಿದು ಮರದ ನೆಲದ ಮೇಲೆ ಪಟ್ಟಿ ಪಟ್ಟಿಯಾಗಿ ಬೀಳುತ್ತದೆ. ಆಟಗಾರರು ಆ ಪಟ್ಟಿಗಳನ್ನು ದಾಟಿ ಓಡುತ್ತಾರೆ. ಈಗಿನ ಕ್ರೀಡಾಂಗಣಗಳು ಟಿ.ವಿ. ಕ್ಯಾಮೆರಾಗಳಿಗಾಗಿ ಹಗಲನ್ನು ಪೂರ್ತಿ ಹೊರಗಿಟ್ಟು ದೀಪದಲ್ಲೇ ಬೆಳಗುತ್ತವೆ. ಹಗಲು ಒಳಗೆ ಬರುವ ಇಂಥ ದೊಡ್ಡ ಬ್ಯಾಸ್ಕೆಟ್‌ಬಾಲ್ ಮನೆಗಳು ಇನ್ನು ಕೆಲವೇ ಕೆಲವು ಉಳಿದಿವೆ. ಪೂರ್ವ–ಪಶ್ಚಿಮವಾಗಿದ್ದ ಅಂಕಣವನ್ನು 1933ರಲ್ಲಿ ಉತ್ತರ–ದಕ್ಷಿಣಕ್ಕೆ ತಿರುಗಿಸಿದರು. ಎರಡನೇ ಮಹಾಯುದ್ಧದಲ್ಲಿ, 1943ರಿಂದ 45ರವರೆಗೆ, ಇದು ಸೈನಿಕರ ವಸತಿಯಾಗಿ ಫೈನಲ್‌ಗಳು ಬೇರೆ ಕಡೆ ನಡೆದವು. ಜೆಸ್ಸಿ ಓವೆನ್ಸ್ ಇಲ್ಲಿ ಓಡಿದ್ದಾರೆ. ಬಿಲ್ಲಿ ಗ್ರಹಾಂ ಇಲ್ಲಿ ಧರ್ಮಬೋಧೆ ಮಾಡಿದ್ದಾರೆ.

ಈ ಮನೆಯ ಯಜಮಾನರಂತೆ ಇದ್ದವರು ಟೋನಿ ಹಿಂಕಲ್. 1921ರಲ್ಲಿ ಬಟ್ಲರ್‌ಗೆ ಬಂದ ಅವರು 1970ರವರೆಗೂ ಅಲ್ಲಿ ಕೋಚ್ ಆಗಿದ್ದರು. ಬ್ಯಾಸ್ಕೆಟ್‌ಬಾಲ್ ಜೊತೆಗೆ ಅಮೆರಿಕನ್ ಫುಟ್‌ಬಾಲ್, ಬೇಸ್‌ಬಾಲ್ ತಂಡಗಳನ್ನೂ ಅವರೇ ತಯಾರು ಮಾಡುತ್ತಿದ್ದರು. 1966ರಲ್ಲಿ ಕ್ರೀಡಾಂಗಣಕ್ಕೆ ‘ಹಿಂಕಲ್ ಫೀಲ್ಡ್‌ಹೌಸ್’ ಎಂದು ಹೆಸರಿಟ್ಟಾಗ ಅವರಿನ್ನೂ ಅದೇ ಅಂಕಣದ ಪಕ್ಕದಲ್ಲಿ ಕೂತು ತಂಡ ನಡೆಸುತ್ತಿದ್ದರು. ನಮ್ಮೂರ ಹುಡುಗರು ಸಂಜೆ ಬಡಿಯುತ್ತ ಹೋಗುವ ಚೆಂಡಿನಲ್ಲೂ ಅವರ ಪಾಲಿದೆ. ಮೊದಲು ಬ್ಯಾಸ್ಕೆಟ್‌ಬಾಲ್ ಚೆಂಡು ಗಾಢ ಕಂದು ಬಣ್ಣದ್ದಾಗಿತ್ತು. ಮರದ ನೆಲದ ಎದುರು ಆಟಗಾರರಿಗೂ ಸರಿಯಾಗಿ ಕಾಣುತ್ತಿರಲಿಲ್ಲ, ಪ್ರೇಕ್ಷಕರಿಗೂ ಕಾಣುತ್ತಿರಲಿಲ್ಲ. 1950ರ ದಶಕದ ಕೊನೆಯಲ್ಲಿ ಸ್ಪಾಲ್ಡಿಂಗ್ ಕಂಪನಿಯ ಜೊತೆ ಸೇರಿ ಹಿಂಕಲ್ ಅದಕ್ಕೆ ಕಿತ್ತಳೆ ಬಣ್ಣ ತಂದರು. 15,000 ಜನರ ಸಭಾಂಗಣದಲ್ಲಿ ದಿನವೂ ನಿಂತು, ಮೇಲಿನ ಕೊನೆಯ ಸಾಲಿನವನಿಗೆ ಏನು ಕಾಣುತ್ತದೆ ಎಂದು ಯೋಚಿಸಿದವರಿಗೇ ಇಂಥದ್ದು ಹೊಳೆಯುವುದು.

ಈಗ ಆ ಎರಡು ಮಾರ್ಚ್‌ಗಳಿಗೆ ಬರೋಣ.

1954ರ ಮಾರ್ಚ್ 20. ಮೈಲನ್ ಎಂಬ ಹಳ್ಳಿಯ 161 ವಿದ್ಯಾರ್ಥಿಗಳ ಹೈಸ್ಕೂಲು ಫೈನಲ್ ತಲುಪಿತ್ತು. ಆಗೆಲ್ಲ ದೊಡ್ಡ ಶಾಲೆ, ಸಣ್ಣ ಶಾಲೆ ಎಂಬ ವಿಂಗಡಣೆಯಿಲ್ಲ. ಇಡೀ ರಾಜ್ಯಕ್ಕೆ ಒಂದೇ ಟೂರ್ನಿ, ಒಬ್ಬರೇ ಚಾಂಪಿಯನ್. ಎದುರಾಳಿ ಮನ್ಸಿ ಸೆಂಟ್ರಲ್, ಹಲವು ಬಾರಿ ಗೆದ್ದ ಬಲಾಢ್ಯ ತಂಡ. ಮೈಲನ್ ಕೋಚ್ ಮಾರ್ವಿನ್ ವುಡ್ ಅವರಿಗೆ ಆಗ 26 ವರ್ಷ. ಅವರು ಬಟ್ಲರ್‌ನಲ್ಲಿ ಹಿಂಕಲ್ ಕೈಕೆಳಗೇ ಆಡಿ ಬೆಳೆದವರು, ಈ ನೆಲ ಅವರಿಗೆ ಹೊಸದಲ್ಲ. ಕೊನೆಯ ಕ್ವಾರ್ಟರ್‌ನಲ್ಲಿ ಎರಡು ಅಂಕ ಹಿಂದಿದ್ದಾಗ ಅವರು ಮಾಡಿಸಿದ ಕೆಲಸ ಇಂದಿಗೂ ಮೈ ಜುಮ್ಮೆನ್ನಿಸುತ್ತದೆ. ಮೈಲನ್ ಆಟಗಾರ ಬಾಬಿ ಪ್ಲಂಪ್ ಚೆಂಡು ಹಿಡಿದು ಸುಮ್ಮನೆ ನಿಂತ. ಡ್ರಿಬಲ್ ಇಲ್ಲ, ಪಾಸ್ ಇಲ್ಲ. ಎದುರಿನ ಹುಡುಗ ಹತ್ತಿರ ಬರಲಿಲ್ಲ. ಮುಂದಿರುವ ತಂಡಕ್ಕೆ ಅವಸರವೇನು? ಇಷ್ಟು ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕೆಂಬ ನಿಯಮ ಆಗಿರಲಿಲ್ಲ. ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು, ಕಿಕ್ಕಿರಿದ ಜನರ ಎದುರು, ಏನೂ ನಡೆಯಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೇ ನಡೆಯಿತು. ಪ್ಲಂಪ್ ಎಸೆದದ್ದು ತಪ್ಪಿತು, ಮೈಲನ್ ಚೆಂಡು ಮರಳಿ ಪಡೆದು ಸಮ ಮಾಡಿಕೊಂಡಿತು, ಮುಂದೆ ಹೋಯಿತು, ಮನ್ಸಿ ಮತ್ತೆ 30–30ಕ್ಕೆ ತಂದಿತು. ಕೊನೆಯ ಗಳಿಗೆಯಲ್ಲಿ ಉಳಿದ ನಾಲ್ವರು ಒಂದು ಬದಿಗೆ ಸರಿದು ಪ್ಲಂಪ್‌ಗೆ ಜಾಗ ಬಿಟ್ಟುಕೊಟ್ಟರು. ಆತ ಬಲಕ್ಕೆ ನುಗ್ಗಿ, ತಟ್ಟನೆ ನಿಂತು, ಜಿಗಿದು ಎಸೆದ. 32–30.

ಸುಮಾರು ಸಾವಿರದ ನೂರು ಜನರಿದ್ದ ಮೈಲನ್‌ಗೆ ಮರುದಿನ ಹರಿದು ಬಂದವರು 40,000 ಎಂಬ ಅಂದಾಜಿದೆ. ಇದೇ ಗೆಲುವಿನಿಂದ ಪ್ರೇರಣೆ ಪಡೆದು 1986ರಲ್ಲಿ ‘ಹೂಸಿಯರ್ಸ್’ ಸಿನಿಮಾ ಬಂತು. ಜೀನ್ ಹ್ಯಾಕ್‌ಮನ್ ಕೋಚ್ ಪಾತ್ರ ಮಾಡಿದ ಆ ಚಿತ್ರದ ಕೊನೆಯ ಪಂದ್ಯವನ್ನು ಇಲ್ಲೇ ಚಿತ್ರೀಕರಿಸಿದರು. ದೊಡ್ಡ ಕ್ರೀಡಾಂಗಣ ನೋಡಿ ಬೆದರಿದ ಹಳ್ಳಿ ಹುಡುಗರ ಕೈಗೆ ಕೋಚ್ ಅಳತೆ ಟೇಪು ಕೊಟ್ಟು ರಿಂಗಿನ ಎತ್ತರ ಅಳೆಸುವ ದೃಶ್ಯವನ್ನು ಬ್ಯಾಸ್ಕೆಟ್‌ಬಾಲ್ ಆಡಿದ ಯಾರೂ ಮರೆಯಲಾರರು. ಹತ್ತು ಅಡಿ, ಊರಿನಲ್ಲಿದ್ದಷ್ಟೇ. ಮರುವರ್ಷ, 1987ರಲ್ಲಿ, ಕಟ್ಟಡಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮಾನ್ಯತೆಯೂ ಸಿಕ್ಕಿತು.

ಈ ಕತೆ ಜಗತ್ತಿಗೇ ಗೊತ್ತು. ಸರಿಸುಮಾರು ಒಂದು ವರ್ಷದ ನಂತರ ಇದೇ ನೆಲದ ಮೇಲೆ ನಡೆದದ್ದು ಅಷ್ಟು ಗೊತ್ತಿಲ್ಲ. ನನ್ನ ಮಟ್ಟಿಗೆ ಅದು ಮೈಲನ್ ಕತೆಗಿಂತ ದೊಡ್ಡದು.

ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1920ರ ದಶಕದ ಇಂಡಿಯಾನಾದಲ್ಲಿ ಬಿಳಿಯರೇ ಮೇಲು ಎಂದು ಸಾರುವ ಕು ಕ್ಲಕ್ಸ್ ಕ್ಲಾನ್ ಸಂಘಟನೆ ಬಲವಾಗಿ ಬೇರೂರಿತ್ತು. ಅಲ್ಲಿಯವರೆಗೆ ಕಪ್ಪು ಜನಾಂಗದ ಮಕ್ಕಳು ಇಂಡಿಯಾನಾಪೊಲಿಸ್‌ನ ಇತರ ಹೈಸ್ಕೂಲುಗಳಲ್ಲೇ ಓದುತ್ತಿದ್ದರು. 1927ರಲ್ಲಿ ಅವರನ್ನೆಲ್ಲ ಪ್ರತ್ಯೇಕಿಸಿ ಒಂದೇ ಶಾಲೆಗೆ ಸೇರಿಸಲಾಯಿತು: ಕ್ರಿಸ್ಪಸ್ ಅಟಕ್ಸ್ ಹೈಸ್ಕೂಲು. 1770ರಲ್ಲಿ ಬಾಸ್ಟನ್‌ನಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಬಲಿಯಾದ ಕಪ್ಪು ಮನುಷ್ಯನ ಹೆಸರು ಅದು. ಮರುವರ್ಷವೇ ಬಟ್ಲರ್ ಕ್ರೀಡಾಂಗಣ ತೆರೆಯಿತು. ‘ಇಡೀ ರಾಜ್ಯಕ್ಕೆ ಒಂದೇ ಟೂರ್ನಿ’ ಎಂದೆನಲ್ಲ, ಆ ‘ಇಡೀ ರಾಜ್ಯ’ದೊಳಗೆ ಅಟಕ್ಸ್ ಇರಲಿಲ್ಲ. ಕಪ್ಪು ಜನಾಂಗದ ಶಾಲೆಗಳಿಗೂ ಕ್ಯಾಥೊಲಿಕ್ ಶಾಲೆಗಳಿಗೂ ಬಾಗಿಲು ತೆರೆದದ್ದು 1942ರಲ್ಲಿ.

ಅಟಕ್ಸ್‌ನ ಸ್ವಂತ ಜಿಮ್ ತೀರಾ ಚಿಕ್ಕದು. ಹಾಗಾಗಿ ಕೋಚ್ ರೇ ಕ್ರೋ ಅವರ ತಂಡ ಆಡಿದ್ದೆಲ್ಲ ಬೇರೆಯವರ ಅಂಕಣಗಳಲ್ಲೇ. ಜನ ಹೆಚ್ಚಿದಂತೆ ಬಟ್ಲರ್ ಫೀಲ್ಡ್‌ಹೌಸ್ ಅವರ ಮನೆಯಂಗಳದಂತಾಯಿತು. 1954ರಲ್ಲಿ ಫೈನಲ್‌ನ ದಾರಿಯಲ್ಲಿ ಮೈಲನ್ ಅಟಕ್ಸ್ ತಂಡವನ್ನು ಇದೇ ನೆಲದ ಮೇಲೆ 65–52ರಿಂದ ಸೋಲಿಸಿತ್ತು. ಸೋತ ಹುಡುಗರಲ್ಲಿ ಆಸ್ಕರ್ ರಾಬರ್ಟ್‌ಸನ್ ಎಂಬ ಹದಿನೈದರ ಎಳೆಯನೂ ಇದ್ದ.

ಮರುವರ್ಷ ಅದೇ ಹುಡುಗ ತಂಡವನ್ನು ಹೊತ್ತು ತಂದ. ಮನ್ಸಿ ಸೆಂಟ್ರಲ್ ವಿರುದ್ಧ 71–70ರಲ್ಲಿ ಪ್ರಾಣ ಬಾಯಿಗೆ ಬಂದಿದ್ದಾಗ ಎದುರಾಳಿಯ ಕೊನೆಯ ಪಾಸನ್ನು ನಡುವೆಯೇ ಕಸಿದು ಉಳಿಸಿದ. ಫೈನಲ್‌ನಲ್ಲಿ ಎದುರಾದ ಗ್ಯಾರಿ ರೂಸ್‌ವೆಲ್ಟ್ ಕೂಡ ಕಪ್ಪು ಜನಾಂಗದ ಶಾಲೆಯೇ. 1955ರ ಮಾರ್ಚ್ 19ರ ರಾತ್ರಿ ಅಟಕ್ಸ್ 97–74ರಿಂದ ಗೆದ್ದಿತು. ಎಲ್ಲರಿಗೂ ತೆರೆದ ರಾಜ್ಯ ಟೂರ್ನಿಯನ್ನು ಕಪ್ಪು ಜನಾಂಗದ ಶಾಲೆಯೊಂದು ಗೆದ್ದದ್ದು ಅಮೆರಿಕದಲ್ಲೇ ಮೊದಲು. ಇನ್ನೊಂದು ಮಾತನ್ನೂ ಸೇರಿಸಬೇಕು: ವರ್ಷ ವರ್ಷ ಫೈನಲ್ ತನ್ನ ಮಡಿಲಲ್ಲೇ ನಡೆಯುತ್ತಿದ್ದರೂ ಇಂಡಿಯಾನಾಪೊಲಿಸ್‌ನ ಯಾವ ಶಾಲೆಯೂ ಅದುವರೆಗೆ ಚಾಂಪಿಯನ್ ಆಗಿರಲಿಲ್ಲ. ನಗರಕ್ಕೆ ಮೊದಲ ಪಟ್ಟ ತಂದುಕೊಟ್ಟವರು ನಗರವೇ ದೂರ ಇಟ್ಟ ಮಕ್ಕಳು.

ಗೆದ್ದ ಹುಡುಗರನ್ನು ಅಗ್ನಿಶಾಮಕ ವಾಹನದ ಮೇಲೆ ಹತ್ತಿಸಿ ನಗರದ ನಡುವಿನ ಮಾನ್ಯುಮೆಂಟ್ ಸರ್ಕಲ್‌ಗೆ ಕರೆದೊಯ್ದರು. ಅಲ್ಲಿ ಸುತ್ತು ಹಾಕಿಸಿ, ನಿಲ್ಲಿಸದೆ, ಕಪ್ಪು ಜನರ ಬಡಾವಣೆಯ ನಾರ್ತ್‌ವೆಸ್ಟರ್ನ್ ಪಾರ್ಕ್‌ಗೆ ಸಾಗಿಸಿದರು. ಸಂಭ್ರಮವೇನಿದ್ದರೂ ಅಲ್ಲಿ. ಗಲಾಟೆಯಾದೀತೆಂಬ ಭಯ ಅಧಿಕಾರಿಗಳದ್ದು. ರಾಬರ್ಟ್‌ಸನ್ ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ತಂದೆಯ ಮನೆಗೆ ಹೊರಟುಹೋದ. ಮುಂದೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಸಾರ್ವಕಾಲಿಕ ಶ್ರೇಷ್ಠರಲ್ಲಿ ಒಬ್ಬರಾದ ಮೇಲೂ ಆ ರಾತ್ರಿಯ ನೋವನ್ನು ಅವರು ಮರೆಯಲಿಲ್ಲ, ಮುಚ್ಚಿಡಲೂ ಇಲ್ಲ. ಕ್ರೀಡಾಂಗಣದೊಳಗೆ ಸಿಕ್ಕ ಗೌರವ ಬಾಗಿಲು ದಾಟಿದ ಕೂಡಲೇ ಮುಗಿದುಹೋಗಿತ್ತು. 1956ರಲ್ಲಿ ಅದೇ ತಂಡ ಒಂದೂ ಪಂದ್ಯ ಸೋಲದೆ ಮತ್ತೆ ಗೆದ್ದಿತು. 1955ರ ಹುಡುಗರು ನಗರದ ದೊಡ್ಡ ಮೆರವಣಿಗೆಯನ್ನು ಮುನ್ನಡೆಸುವ ಗೌರವ ಪಡೆದದ್ದು 60 ವರ್ಷ ಕಳೆದ ಮೇಲೆ, 2015ರಲ್ಲಿ.

ಶಾಲಾ ಫೈನಲ್‌ಗಳು 1971ರ ನಂತರ ಇಲ್ಲಿಂದ ಬೇರೆಡೆಗೆ ಹೋದವು. 1997ರ ಬಳಿಕ ಶಾಲೆಗಳ ಗಾತ್ರಕ್ಕೆ ತಕ್ಕಂತೆ ಟೂರ್ನಿಯನ್ನೂ ಒಡೆದು ಹಂಚಿದರು. ಬಾಬಿ ಪ್ಲಂಪ್ ಅದನ್ನು ಬಹಿರಂಗವಾಗಿ ವಿರೋಧಿಸಿದರು, ನಾನೂ ಅವರ ಪಕ್ಷವೇ. ಸಣ್ಣ ಶಾಲೆಗಳಿಗೆ ಕಪ್ ಸಿಗುತ್ತಿದೆ ನಿಜ, ಆದರೆ 161 ಮಕ್ಕಳ ಶಾಲೆ ಇಡೀ ರಾಜ್ಯವನ್ನು ಗೆಲ್ಲುವ ದಾರಿ ಮುಚ್ಚಿಹೋಯಿತು. 2010 ಮತ್ತು 2011ರಲ್ಲಿ ಬ್ರ್ಯಾಡ್ ಸ್ಟೀವನ್ಸ್ ಕೋಚ್ ಆಗಿದ್ದ ಬಟ್ಲರ್ ತಂಡ ಸತತ ಎರಡು ಬಾರಿ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ರಾಷ್ಟ್ರೀಯ ಫೈನಲ್ ತಲುಪಿದಾಗ ಕ್ರೀಡಾಂಗಣ ಮತ್ತೆ ಸುದ್ದಿಯಾಯಿತು. 2014ಕ್ಕೆ ಮುಗಿದ ದುರಸ್ತಿಯಲ್ಲಿ ಆಸನಗಳನ್ನು ಸುಮಾರು 9,100ಕ್ಕೆ ಇಳಿಸಿದರೂ ಕಿಟಕಿಗಳನ್ನು ಉಳಿಸಿಕೊಂಡರು. ಅದು ಸರಿಯಾದ ನಿರ್ಧಾರ.

‘ಹೂಸಿಯರ್ಸ್’ ನೋಡದವರು ಈ ವಾರ ನೋಡಿ. ಅದರ ಬೆನ್ನಿಗೇ, 2016ರಲ್ಲಿ ಬಂದ ‘ಅಟಕ್ಸ್: ದ ಸ್ಕೂಲ್ ದಟ್ ಓಪನ್ಡ್ ಎ ಸಿಟಿ’ ಸಾಕ್ಷ್ಯಚಿತ್ರವನ್ನೂ ಹುಡುಕಿ ನೋಡಿ. ಸಿನಿಮಾದ ಕೊನೆಯ ಪಂದ್ಯದಲ್ಲಿ ಎಲ್ಲರ ಕಣ್ಣೂ ಹಳ್ಳಿ ಹುಡುಗರ ಮೇಲಿರುತ್ತದೆ. ನೀವು ಎದುರಾಳಿ ತಂಡದ ಬೆಂಚನ್ನೂ ಒಮ್ಮೆ ಗಮನಿಸಿ. ಅಲ್ಲಿ ಸೋಲುವ ತಂಡದ ಕೋಚ್ ಆಗಿ ನಟಿಸಿರುವವರು ರೇ ಕ್ರೋ.