ಬೋರ್ಡು ಮುಚ್ಚಿಟ್ಟ ವೋಲ್ಟೇಜು

ಅಗ್ಗದ ಪ್ರೊಸೆಸರಿನಿಂದ ದುಬಾರಿ ಪ್ರೊಸೆಸರಿನ ಕೆಲಸ ತೆಗೆಯಬೇಕೆಂಬ ಆಸೆ ಕಂಪ್ಯೂಟರ್ ಜೋಡಿಸುವವರಲ್ಲಿ ಹಳೆಯದು. ಅದು ಪೂರ್ತಿಯಾಗಿ ಕೈಗೂಡಿದ್ದು 1998ರ ಆಗಸ್ಟಿನಲ್ಲಿ ಬಂದ ಸೆಲೆರಾನ್ 300ಎ ಚಿಪ್ಪಿನಲ್ಲಿ. ಇಂಟೆಲ್ ಅದಕ್ಕಿಟ್ಟ ಬೆಲೆ 149 ಡಾಲರ್; ಅದೇ ತಿಂಗಳು ಬಂದ 450 ಮೆಗಾಹರ್ಟ್ಸ್ ಪೆಂಟಿಯಂ-2ಕ್ಕೆ 669 ಡಾಲರ್. ಸೆಲೆರಾನಿನ ಗುಣಕವನ್ನು ಕಂಪನಿ 4.5ಕ್ಕೆ ಬಿಗಿದಿತ್ತು. ಮದರ್‌ಬೋರ್ಡು ಕೊಡುವ 66 ಮೆಗಾಹರ್ಟ್ಸ್ ಕ್ಲಾಕನ್ನು ಅದರಿಂದ ಗುಣಿಸಿದರೆ ಸುಮಾರು 300. ಆದರೆ 440ಬಿಎಕ್ಸ್ ಚಿಪ್‌ಸೆಟ್ಟಿನ ಬೋರ್ಡಿನಲ್ಲಿ ಕ್ಲಾಕನ್ನು 100ಕ್ಕೆ ಏರಿಸಬಹುದಿತ್ತು, ಏರಿಸಿದರೆ 450. ಎಬಿಟ್ ಕಂಪನಿಯ ಬಿಎಚ್6 ಬೋರ್ಡು ಇದಕ್ಕೇ ಹೆಸರಾಯಿತು. ಕ್ಯಾಬಿನೆಟ್ ಬಿಚ್ಚಿ ಜಂಪರ್ ಕಿತ್ತು ಸಿಕ್ಕಿಸುವ ತಾಪತ್ರಯವಿಲ್ಲದೆ ಬಯೋಸ್ ಪರದೆಯಲ್ಲೇ ಕ್ಲಾಕನ್ನೂ ವೋಲ್ಟೇಜನ್ನೂ ಬದಲಿಸಬಹುದಿತ್ತು. 300ಎ ಒಳಗಿನ ಎರಡನೆಯ ಹಂತದ ಕ್ಯಾಶ್ 128 ಕೆಬಿ ಮಾತ್ರ, ಆದರೆ ಅದು ಚಿಪ್ಪಿನ ಪೂರ್ಣ ವೇಗದಲ್ಲಿ ಓಡುತ್ತಿತ್ತು. ಪೆಂಟಿಯಂ-2ರ 512 ಕೆಬಿ ಅರ್ಧ ವೇಗದ್ದು. ಹಾಗಾಗಿ ಆಟಗಳಲ್ಲಿ ಎರಡೂ ಹೆಚ್ಚುಕಡಿಮೆ ಸರಿಸಮ.

ಈ ಪ್ರಸಂಗವನ್ನು ಜನ ಉಳಿತಾಯದ ಕಥೆಯಾಗಿ ನೆನೆಯುತ್ತಾರೆ. ನನಗೆ ಅದರಲ್ಲಿ ದೊಡ್ಡದಾಗಿ ಕಾಣುವುದು ಬೇರೆ. ಬೋರ್ಡು ತಾನಾಗಿ ಏನನ್ನೂ ಏರಿಸುತ್ತಿರಲಿಲ್ಲ. ಸೆಲೆರಾನ್ ಕೂರಿಸಿ ಸುಮ್ಮನೆ ಆನ್ ಮಾಡಿದವರಿಗೆ 300 ಸಿಗುತ್ತಿತ್ತು. 450 ಬೇಕಾದವರು ತಾವೇ ಮೆನುವಿನೊಳಗೆ ಹೋಗಿ, ಅಂಕಿ ಬದಲಿಸಿ, ಚಿಪ್ಪು ತಾಳುತ್ತದೋ ಇಲ್ಲವೋ ಎಂದು ಕಾಯಬೇಕಿತ್ತು. ಎಲ್ಲ ಚಿಪ್ಪುಗಳೂ ತಾಳಲಿಲ್ಲ. ಲಾಭವೂ ನಷ್ಟವೂ ಗೊತ್ತಿದ್ದು ಮಾಡಿದವರದೇ ಆಗಿತ್ತು.

2011ರ ಸ್ಯಾಂಡಿ ಬ್ರಿಡ್ಜ್ ತಲೆಮಾರಿನೊಂದಿಗೆ ಈ ದಾರಿ ಹೆಚ್ಚುಕಡಿಮೆ ಮುಚ್ಚಿತು. ಪ್ರೊಸೆಸರ್, ಪಿಸಿಐ ಎಕ್ಸ್‌ಪ್ರೆಸ್, ಸಾಟಾ ಎಲ್ಲಕ್ಕೂ ಒಂದೇ ಮೂಲ ಕ್ಲಾಕ್ ಬಂದದ್ದರಿಂದ ಅದನ್ನು ಕೆಲವೇ ಶೇಕಡದಷ್ಟು ಏರಿಸಿದರೂ ಉಳಿದ ಭಾಗಗಳು ತಡವರಿಸತೊಡಗಿದವು. ಗುಣಕ ಬದಲಿಸಲು ಹೆಸರಿನ ಕೊನೆಗೆ ‘ಕೆ’ ಇರುವ ದುಬಾರಿ ಚಿಪ್ಪು ಬೇಕು, ಅದಕ್ಕೊಪ್ಪುವ ದುಬಾರಿ ಬೋರ್ಡೂ ಬೇಕು. ಅಗ್ಗದ್ದನ್ನು ಎತ್ತರಿಸುವ ಕಲೆ ಹೀಗೆ ಹಣ ಉಳ್ಳವರ ಶೋಕಿಯಾಯಿತು.

ಈಗಿನ ಸ್ಥಿತಿ ಅದಕ್ಕಿಂತ ಕೆಟ್ಟದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರೊಸೆಸರ್ ಕಾರ್ಖಾನೆಯಿಂದಲೇ ತನ್ನ ಶಕ್ತಿಯ ಅಂಚಿನಲ್ಲಿ ಓಡುವಂತೆ ಬರುತ್ತದೆ. ಅದರ ಮೇಲೆ ಬೋರ್ಡು ತಯಾರಕರು ಯಾರನ್ನೂ ಕೇಳದೆ ಇನ್ನಷ್ಟು ದೂಡುತ್ತಾರೆ. ಕೋರ್ ಐ9-14900ಕೆ ಚಿಪ್ಪಿಗೆ ಇಂಟೆಲ್ ಹೇಳುವ ಗರಿಷ್ಠ ಟರ್ಬೊ ವಿದ್ಯುತ್ 253 ವ್ಯಾಟ್. ಹಲವು ಬೋರ್ಡುಗಳ ಬಯೋಸಿನಲ್ಲಿ ಆ ಮಿತಿಯ ಜಾಗದಲ್ಲಿ 4096 ವ್ಯಾಟ್ ಎಂದಿರುತ್ತಿತ್ತು. ಅಂದರೆ ಮಿತಿಯೇ ಇಲ್ಲ. ಅದನ್ನು ಬರೆದದ್ದು ಮಾಲೀಕರಲ್ಲ, ಬೋರ್ಡು ಬಂದದ್ದೇ ಹಾಗೆ. ಪರೀಕ್ಷೆಯ ಅಂಕಪಟ್ಟಿಯಲ್ಲಿ ಪ್ರತಿಸ್ಪರ್ಧಿಗಿಂತ ಒಂದೆರಡು ಅಂಕ ಮೇಲೆ ಬರಬೇಕೆಂಬುದನ್ನು ಬಿಟ್ಟರೆ ಇದಕ್ಕೆ ನನಗೆ ಬೇರೆ ಕಾರಣ ತೋರುವುದಿಲ್ಲ.

2024ರಲ್ಲಿ ಇಂಟೆಲಿನ 13 ಮತ್ತು 14ನೇ ತಲೆಮಾರಿನ ಚಿಪ್ಪುಗಳು ಕೈಕೊಡತೊಡಗಿದಾಗ ಆಟ ಆಡುವವರಿಗೆ ಕಾಣಿಸಿದ ಸಂದೇಶ ವಿಡಿಯೋ ಮೆಮೊರಿ ಸಾಲದು ಎಂಬುದು. ಅದನ್ನು ಓದಿದವರು ಗ್ರಾಫಿಕ್ಸ್ ಕಾರ್ಡನ್ನು ಅನುಮಾನಿಸದೆ ಇರುತ್ತಾರೆಯೇ? ಕಾರ್ಡು ಸರಿಯಾಗಿತ್ತು, ತಪ್ಪಿದ್ದು ಪ್ರೊಸೆಸರ್. ಇಡೀ ದೋಷವನ್ನು ಬೋರ್ಡಿನವರ ಮೇಲೆ ಹೊರಿಸುವುದು ನ್ಯಾಯವಲ್ಲ. ಇಂಟೆಲಿನ ಸ್ವಂತ ಮೈಕ್ರೊಕೋಡೇ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು ಎಂದು ಕಂಪನಿಯೇ ಒಪ್ಪಿಕೊಂಡಿತು. ಆ ವರ್ಷ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ತಿದ್ದುಪಡಿಗಳು ಬಂದವು, ವಾರಂಟಿ ಎರಡು ವರ್ಷ ಹೆಚ್ಚಿತು. ಆದರೆ ಆ ವೇಳೆಗಾಗಲೇ ಸವೆದ ಚಿಪ್ಪನ್ನು ಯಾವ ತಿದ್ದುಪಡಿಯೂ ಸರಿಪಡಿಸದು. ವೇಗದ ಸೆಟ್ಟಿಂಗನ್ನು ಮುಟ್ಟಿಯೂ ನೋಡದವರ ಚಿಪ್ಪು ಅತಿ ವೋಲ್ಟೇಜಿಗೆ ಬಲಿಯಾಯಿತು ಎಂಬುದು ನನಗೆ ಕ್ಷಮಿಸಲು ಕಷ್ಟವಾಗುವ ಸಂಗತಿ.

ಆದ್ದರಿಂದ ಇಂದು ಮಾಡಬೇಕಾದ ಕೆಲಸ ಏರಿಸುವುದಲ್ಲ, ಇಳಿಸುವುದು. ಚಿಪ್ಪು ನುಂಗುವ ವಿದ್ಯುತ್ತಿನ ಬಹುಪಾಲು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಅಷ್ಟೇ ಇಟ್ಟು ವೋಲ್ಟೇಜನ್ನು ಶೇ 10ರಷ್ಟು ತಗ್ಗಿಸಿದರೆ ಆ ಪಾಲು ಸುಮಾರು ಶೇ 19ರಷ್ಟು ತಗ್ಗುತ್ತದೆ. ಎಎಂಡಿ ರೈಜನ್‌ಗಳಲ್ಲಿ ಇದಕ್ಕೆ ಇಕೊ ಮೋಡ್ ಎಂಬ ಒಂದೇ ಆಯ್ಕೆ ಸಾಕು. 170 ವ್ಯಾಟಿನ 7950ಎಕ್ಸ್ ಅನ್ನು 105ಕ್ಕೆ ಇಳಿಸಿದರೂ ಕಳೆದುಕೊಳ್ಳುವ ವೇಗ ಸ್ವಲ್ಪವೇ. ಕಲಬುರಗಿಯಂಥ ಊರಿನಲ್ಲಿ, ಮೇ ತಿಂಗಳ ಮಧ್ಯಾಹ್ನ ಕೋಣೆಯೇ 40 ಡಿಗ್ರಿ ಮುಟ್ಟುವಾಗ, ಎಷ್ಟು ದೊಡ್ಡ ಫ್ಯಾನ್ ಹಾಕಿದರೂ ಚಿಪ್ಪು ಕೋಣೆಗಿಂತ ತಣ್ಣಗಾಗದು. ಅಲ್ಲಿ ಈ ಲೆಕ್ಕಕ್ಕೆ ಬೆಲೆ ಹೆಚ್ಚು. ರೈಜನ್‌ಗಳದೇ ಇನ್ನೊಂದು ಆಯ್ಕೆಯಾದ ಕರ್ವ್ ಆಪ್ಟಿಮೈಸರ್ ಬಳಸಿ ಕೋರ್ ಕೋರಿಗೆ ವೋಲ್ಟೇಜ್ ತಗ್ಗಿಸುವವರಿಗೆ ಒಂದು ಮಾತು: ರಾತ್ರಿಯಿಡೀ ಭಾರದ ಪರೀಕ್ಷೆ ದಾಟಿದ ಯಂತ್ರ ಬೆಳಿಗ್ಗೆ ಬ್ರೌಸರ್ ತೆರೆದಿಟ್ಟು ಸುಮ್ಮನಿದ್ದಾಗ ರೀಸ್ಟಾರ್ಟ್ ಆಗಬಹುದು. ಕೆಲಸ ಕಡಿಮೆ ಇದ್ದಾಗಲೇ ಒಂಟಿ ಕೋರ್ ಅತಿ ಎತ್ತರದ ವೇಗಕ್ಕೆ ಜಿಗಿಯುತ್ತದೆ. ತಗ್ಗಿಸಿದ ವೋಲ್ಟೇಜ್ ಸಾಲದೆ ಹೋಗುವುದು ಅಲ್ಲೇ.

ಏರಿಸಲೇಬೇಕಾದದ್ದು ಒಂದಿದೆ, ರ‍್ಯಾಮ್. ಪೊಟ್ಟಣದ ಮೇಲೆ 3200 ಎಂದಿರುವ ಡಿಡಿಆರ್4 ರ‍್ಯಾಮ್‌ಗಳಲ್ಲಿ ಎಷ್ಟೋ, ಬಯೋಸಿನಲ್ಲಿ ಎಕ್ಸ್‌ಎಂಪಿ ಆನ್ ಮಾಡುವವರೆಗೆ 2133ರಲ್ಲೇ ಓಡುತ್ತವೆ. ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಪುಟ ನೋಡಿದರೆ ಅಂಕಿ ಅಲ್ಲೇ ಇರುತ್ತದೆ. ಕೊಂಡ ವೇಗವನ್ನು ಬಳಸದೆ ವರ್ಷಗಟ್ಟಲೆ ಕೆಲಸ ಮಾಡುವವರು ಬಹಳ ಇದ್ದಾರೆ.

ಇನ್ನು ಬೋರ್ಡನ್ನೇ ಬದಲಿಸುವ ಪ್ರಶ್ನೆ. ಇಲ್ಲಿ ನನ್ನ ಮೆಚ್ಚುಗೆ ಎಎಂಡಿಯ ಎಎಂ4 ಸಾಕೆಟ್ಟಿಗೆ. 2017ರಲ್ಲಿ ಮೊದಲ ರೈಜನ್ ಜೊತೆ ಬಂದ ಬಿ350 ಬೋರ್ಡುಗಳಲ್ಲಿ ಅನೇಕವು 2022ರ 5800ಎಕ್ಸ್3ಡಿ ಚಿಪ್ಪನ್ನೂ ಒಪ್ಪಿಕೊಂಡವು. ಇದು ಕಂಪನಿ ತಾನಾಗಿ ಕೊಟ್ಟ ವರವಲ್ಲ. 16 ಎಂಬಿ ಬಯೋಸ್ ಚಿಪ್ಪಿನಲ್ಲಿ ಜಾಗ ಸಾಲದೆಂದು 2020ರ ಮೇ ತಿಂಗಳಲ್ಲಿ ಹಳೆಯ ಬೋರ್ಡುಗಳನ್ನು ಕೈಬಿಡಲು ಹೊರಟಿದ್ದ ಎಎಂಡಿ, ಬಳಕೆದಾರರ ಸಿಟ್ಟು ಕಂಡು ಕೆಲವೇ ದಿನಗಳಲ್ಲಿ 400 ಸರಣಿಗೆ ಒಪ್ಪಿತು. 300 ಸರಣಿಗೆ ಮತ್ತೂ ಕಾಯಬೇಕಾಯಿತು. ಇಂಟೆಲ್ ಕಡೆ 2017ರಲ್ಲಿ ನಡೆದದ್ದು ತದ್ವಿರುದ್ಧ. ಜನವರಿಯಲ್ಲಿ ಬಂದ ಝಡ್270 ಬೋರ್ಡಿಗೂ ಅಕ್ಟೋಬರಿನಲ್ಲಿ ಬಂದ ಕಾಫಿ ಲೇಕ್ ಚಿಪ್ಪಿಗೂ ಸಂಪರ್ಕಬಿಂದುಗಳು ಅಷ್ಟೇ, 1151. ಆದರೂ ಹೊಸ ಬೋರ್ಡು ಕೊಳ್ಳಲೇಬೇಕಾಯಿತು.

ಹೀಗಾಗಿ ಎಎಂ4 ಯಂತ್ರ ನಿಧಾನವಾಯಿತೆಂದು ಬೆಂಗಳೂರಿನ ಎಸ್.ಪಿ. ರೋಡಿಗೆ ಹೊರಡುವವರು ಬೋರ್ಡು ಮತ್ತು ರ‍್ಯಾಮ್ ಎರಡಕ್ಕೂ ಹಣ ಸುರಿಯುವ ಮೊದಲು, ಅದೇ ಬೋರ್ಡಿಗೆ ಹೊಸ ಬಯೋಸ್ ಹಾಕಿ ದೊಡ್ಡ ಚಿಪ್ಪು ಕೂರಿಸಲು ಸಾಧ್ಯವೇ ಎಂದು ತಯಾರಕರ ಪಟ್ಟಿ ನೋಡಲಿ. ಹೊಸ ಎಎಂ5 ಬೋರ್ಡಿಗೆ ಡಿಡಿಆರ್5 ಬೇಕು, ಇರುವ ರ‍್ಯಾಮ್ ಬರುವುದಿಲ್ಲ. ಬಯೋಸ್ ಬರೆಯುವಾಗ ಕರೆಂಟು ಹೋದರೆ ಬೋರ್ಡೇ ಸತ್ತಂತಾಗಬಹುದು, ಯುಪಿಎಸ್ ಇರಲಿ. ಬೋರ್ಡು ಬದಲಿಸುವುದೇ ಖಚಿತವಾದರೆ, ಹಳೆಯದನ್ನು ಬಿಚ್ಚುವ ಮುಂಚೆ ಡಿಸ್ಕಿಗೆ ಬೀಗ ಹಾಕಿಡುವ ವಿಂಡೋಸ್ ಬಿಟ್‌ಲಾಕರಿನ 48 ಅಂಕಿಯ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಹೊಸ ಬೋರ್ಡಿಗೆ ಹಳೆಯ ಡಿಸ್ಕಿನ ಗುರುತಿರದು.